ಪದದ ಗಡಿ ಕಿವಿಯಲ್ಲಿದೆ: ಜರ್ಮನಿಯಲ್ಲಿ ಕನ್ನಡಿಗರು ಕಲಿಯಬೇಕಾದ ಆಲಿಕೆ

ಜರ್ಮನಿಗೆ ಹೊಸದಾಗಿ ಬಂದಿಳಿದ ಕನ್ನಡಿಗರಿಂದ ಮೊದಲ ತಿಂಗಳುಗಳಲ್ಲಿ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ: ‘ಇವರು ತುಂಬ ವೇಗವಾಗಿ ಮಾತನಾಡುತ್ತಾರೆ.’ ಊರಿನಲ್ಲಿದ್ದಾಗಲೇ ಬಿ1 ಪರೀಕ್ಷೆ ಮುಗಿದಿರುತ್ತದೆ. ವಿಭಕ್ತಿಗಳ ಕೋಷ್ಟಕ ಬಾಯಿಪಾಠವಾಗಿರುತ್ತದೆ. ಆದರೂ ವೈದ್ಯರ ಭೇಟಿಗೆ ಸಮಯ ಕೇಳಲು ಫೋನು ಮಾಡಿದರೆ, ಆ ಕಡೆಯಿಂದ ಹರಿದುಬರುವ ಮಾತಿನಲ್ಲಿ ಒಂದು ಪದವೂ ಬಿಡಿಯಾಗಿ ಕೈಗೆ ಸಿಗುವುದಿಲ್ಲ. ಅದೇ ವಾಕ್ಯವನ್ನು ಕಾಗದದ ಮೇಲೆ ಬರೆದು ತೋರಿಸಿದರೆ, ಅದರಲ್ಲಿ ಗೊತ್ತಿಲ್ಲದ ಪದ ಒಂದೂ ಇರುವುದಿಲ್ಲ. ಕಣ್ಣಿಗೆ ತಿಳಿದದ್ದು ಕಿವಿಗೆ ಏಕೆ ತಿಳಿಯಲಿಲ್ಲ?

ವೇಗವೇ ಕಾರಣವೆಂದು ಹೇಳಲಾಗದು. ಫ್ರಾನ್ಸಿನ ಲಿಯಾನ್ ನಗರದ ಭಾಷಾವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಲವು ಭಾಷೆಗಳ ಮಾತಿನ ವೇಗವನ್ನು ಅಳೆದಿದ್ದರು. ಜಪಾನಿ ಮತ್ತು ಸ್ಪ್ಯಾನಿಷ್ ಭಾಷಿಕರು ಸೆಕೆಂಡಿಗೆ ಸರಾಸರಿ 8ರ ಸಮೀಪ ಉಚ್ಚಾರಾಂಶಗಳನ್ನು ನುಡಿದರೆ, ಜರ್ಮನರದು 6ರ ಆಸುಪಾಸು. ಇಂಗ್ಲಿಷಿಗಿಂತಲೂ ತುಸು ನಿಧಾನ. ಜರ್ಮನ್ ಮತ್ತು ಡಚ್ ಭಾಷಿಕರನ್ನು ಪರೀಕ್ಷಿಸಿದ 2017ರ ಇನ್ನೊಂದು ಅಧ್ಯಯನದಲ್ಲಿ, ಇಬ್ಬರಿಗೂ ತಮ್ಮದಲ್ಲದ ಭಾಷೆಯೇ ಹೆಚ್ಚು ವೇಗವಾಗಿ ಕೇಳಿಸಿತು. ತಿಳಿದ ಭಾಷೆ ನಡೆಯುತ್ತದೆ, ತಿಳಿಯದ ಭಾಷೆ ಓಡುತ್ತದೆ. ಓಟ ಇರುವುದು ಆಡುವವರ ನಾಲಿಗೆಯಲ್ಲಲ್ಲ, ಪದದಿಂದ ಪದವನ್ನು ಬಿಡಿಸಲಾರದ ಕೇಳುಗರ ಕಿವಿಯಲ್ಲಿ.

ಮಾತಿನ ನಡುವೆ ತೆರಪಿಲ್ಲ

ಬರವಣಿಗೆಯಲ್ಲಿ ಎರಡು ಪದಗಳ ನಡುವೆ ಬಿಳಿಯ ತೆರಪು ಇರುತ್ತದೆ. ಮಾತಿನಲ್ಲಿ ಅಂಥ ತೆರಪು ಇಲ್ಲ. ‘ಅಪ್ಪ ಊರಿಗೆ ಹೋದ’ ಎಂಬ ಮಾತನ್ನು ಧ್ವನಿಮುದ್ರಿಸಿ ಅದರ ಅಲೆಗಳನ್ನು ಗಣಕದ ತೆರೆಯ ಮೇಲೆ ನೋಡಿದರೆ, ಧ್ವನಿ ನಿಜವಾಗಿ ನಿಲ್ಲುವುದು ‘ಅಪ್ಪ’ ಎಂಬ ಪದದ ನಡುವೆ, ತುಟಿಗಳು ಮುಚ್ಚಿಕೊಂಡಾಗ. ‘ಅಪ್ಪ’ ಮತ್ತು ‘ಊರಿಗೆ’ಗಳ ನಡುವೆ ಅಲ್ಲ. ಮೌನವಿದ್ದಲ್ಲಿ ಪದ ಮುಗಿದಿಲ್ಲ. ಪದ ಮುಗಿದಲ್ಲಿ ಮೌನವಿಲ್ಲ.

ಸಂಧಿಯನ್ನು ಶಾಲೆಯಲ್ಲಿ ಓದಿದ ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ. ‘ಬಂದರೂರಿಗೆ’ ಎಂದು ಒಬ್ಬರು ನುಡಿದರೆ, ಅದು ‘ಬಂದರು, ಊರಿಗೆ’ ಆಗಬಹುದು. ‘ಬಂದರೆ ಊರಿಗೆ’ ಆಗಬಹುದು. ‘ಬಂದರೂ ಊರಿಗೆ’ ಕೂಡ ಆಗಬಹುದು. ಯಾವುದೆಂದು ಧ್ವನಿಯಷ್ಟೇ ತಿಳಿಸುವುದಿಲ್ಲ. ಹಿಂದುಮುಂದಿನ ಮಾತು ತಿಳಿಸುತ್ತದೆ, ಭಾಷೆಯ ಪರಿಚಯ ತಿಳಿಸುತ್ತದೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ.

ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿ ಮುದ್ರಿಸಿದವರು ಒಬ್ಬ ಜರ್ಮನರು ಎಂಬುದು ಇಲ್ಲಿ ನೆನೆಯತಕ್ಕ ಮಾತು. ಉತ್ತರ ಜರ್ಮನಿಯ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಭಾರತಕ್ಕೆ ಬಂದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಅವರು ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ಪದವನ್ನು ಕೋಶದಲ್ಲಿ ನಮೂದಿಸುವ ಮುನ್ನ ಅದು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಿವಿ ನಿರ್ಧರಿಸಬೇಕು. ಎಳೆತನದಲ್ಲಿ ಕನ್ನಡವನ್ನೇ ಕೇಳದಿದ್ದ ಜರ್ಮನ್ ಕಿವಿಯೊಂದು ಕನ್ನಡದ ಸಂಧಿಗಳನ್ನು ಬಿಡಿಸಲು ಕಲಿಯಿತು. ಕನ್ನಡದ ಕಿವಿ ಜರ್ಮನ್ ಮಾತನ್ನು ಬಿಡಿಸಲು ಕಲಿಯುವುದು ಅದೇ ದಾರಿಯ ಮರುಪಯಣ.

ಕೇಳುಗರ ಮಿದುಳು ಮಾಡುವ ಕೆಲಸ

ಮಾತೃಭಾಷೆಯಲ್ಲಿ ಈ ಕೆಲಸ ನಮಗೆ ಅರಿವಿಲ್ಲದೆಯೇ ನಡೆಯುತ್ತದೆ. ‘ಮರ’ ಎಂಬ ಧ್ವನಿ ಕಿವಿಗೆ ಬಿದ್ದೊಡನೆ ಮಿದುಳಿನಲ್ಲಿ ಮರ, ಮರಳು, ಮರಣ, ಮರವೆ ಎಲ್ಲವೂ ಒಮ್ಮೆಗೇ ಎದ್ದು ನಿಲ್ಲುತ್ತವೆ. ಮುಂದೆ ‘ಳು’ ಬಂದರೆ ಉಳಿದವು ಹಿಂದೆ ಸರಿಯುತ್ತವೆ. ಎಷ್ಟೋ ವೇಳೆ ಪದ ಪೂರ್ತಿ ಮುಗಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಅದು ಮುಗಿಯುವ ಸ್ಥಳ ಗೊತ್ತಾದೊಡನೆ ಮುಂದಿನ ಪದದ ಆರಂಭವೂ ಗೊತ್ತಾಗುತ್ತದೆ. ಈ ಸ್ಪರ್ಧೆಯಲ್ಲಿ ಒಂದು ನಿಯಮವೂ ಇದೆ: ಬಿಡಿಸಿದ ಮೇಲೆ ಒಂಟಿ ವ್ಯಂಜನದಂತಹ ಅರ್ಥವಿಲ್ಲದ ಚೂರು ಉಳಿಯುವಂತಿದ್ದರೆ ಆ ವಿಂಗಡಣೆಯನ್ನು ಕಿವಿ ಸುಲಭವಾಗಿ ಒಪ್ಪುವುದಿಲ್ಲ.

ಎರಡನೆಯ ಆಸರೆ ಲಯ. ಜರ್ಮನಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಗೆ ಸೇರಿದ ಮನೋಭಾಷಾವಿಜ್ಞಾನ ಕೇಂದ್ರವೊಂದು ಗಡಿಯಾಚೆ ನೆದರ್ಲೆಂಡ್ಸಿನ ನೈಮೇಖೆನ್ನಿನಲ್ಲಿದೆ. ಅದರ ನಿರ್ದೇಶಕರಲ್ಲಿ ಒಬ್ಬರಾಗಿ 1993ರಿಂದ 2013ರವರೆಗೆ ದುಡಿದ, ಆಸ್ಟ್ರೇಲಿಯಾ ಮೂಲದ ಆನ್ ಕಟ್ಲರ್ ತಮ್ಮ ಬದುಕಿನ ಬಹುಭಾಗವನ್ನು ಈ ಒಂದು ಪ್ರಶ್ನೆಗೆ ಮೀಸಲಿಟ್ಟರು. ಇಂಗ್ಲಿಷ್ ಕೇಳುಗರು ಒತ್ತುಳ್ಳ ಉಚ್ಚಾರಾಂಶ ಬಂದಲ್ಲಿ ಹೊಸ ಪದ ಮೊದಲಾಯಿತೆಂದು ಊಹಿಸುತ್ತಾರೆ ಎಂಬುದನ್ನು ಅವರೂ ಡೆನಿಸ್ ನಾರಿಸ್ ಅವರೂ 1988ರಲ್ಲಿ ತೋರಿಸಿದರು. ಫ್ರೆಂಚರು ಉಚ್ಚಾರಾಂಶಗಳನ್ನು ಹಿಡಿದು ಬಿಡಿಸುತ್ತಾರೆ; ಜಪಾನಿಯರು ಅದಕ್ಕಿಂತ ಚಿಕ್ಕದಾದ, ನಮ್ಮ ಛಂದಸ್ಸಿನ ಮಾತ್ರೆಯನ್ನು ಹೋಲುವ ಅಳತೆಯನ್ನು ಬಳಸುತ್ತಾರೆ. ಜಪಾನಿಯ ಈ ಲಯಕ್ಕೂ ತೆಲುಗಿನ ಲಯಕ್ಕೂ ಹೋಲಿಕೆಯಿದೆ ಎಂಬುದನ್ನು ಕಟ್ಲರ್ ಮತ್ತು ಸಂಗಡಿಗರ 2007ರ ಪ್ರಯೋಗಗಳು ತೋರಿಸಿದವು. ತೆಲುಗಿನ ಸೋದರಿಯಾದ ಕನ್ನಡದಲ್ಲಿ ಲಘು–ಗುರುಗಳ ಎಣಿಕೆಯೇ ಪದ್ಯದ ಅಡಿಗಲ್ಲು. ಹೀಗೆ ಪ್ರತಿಯೊಬ್ಬರೂ ತಾಯಿನುಡಿಯ ಅಳತೆಗೋಲನ್ನು ಕಿವಿಯಲ್ಲಿಟ್ಟುಕೊಂಡೇ ಪರದೇಶಕ್ಕೆ ಬರುತ್ತಾರೆ. ಅಲ್ಲಿನ ಮಾತು ಆ ಅಳತೆಗೆ ಒಗ್ಗದಿದ್ದಾಗ, ಪದಗಳು ಗೊತ್ತಿದ್ದರೂ ಕಳೆದುಹೋಗುತ್ತವೆ.

ಕನ್ನಡದ ಕಿವಿ, ಜರ್ಮನ್ ಮಾತು

ಕೆಲವು ವಿಷಯಗಳಲ್ಲಿ ಕನ್ನಡಿಗರು ಅದೃಷ್ಟವಂತರು. ಹ್ರಸ್ವ–ದೀರ್ಘಗಳ ಭೇದ ನಮಗೆ ಹುಟ್ಟಿನಿಂದ ಬಂದದ್ದು. ಜರ್ಮನ್ನಿನಲ್ಲಿ ‘ಷ್ಟಾಟ್’ ಎಂದರೆ ರಾಜ್ಯ, ‘ಷ್ಟಟ್’ ಎಂದರೆ ನಗರ. ‘ಓಫೆನ್’ ಎಂದರೆ ಒಲೆ, ‘ಒಫೆನ್’ ಎಂದರೆ ತೆರೆದದ್ದು. ಈ ಅಂತರ ಕನ್ನಡದ ಕಿವಿಗೆ ಮೊದಲ ದಿನವೇ ಕೇಳಿಸುತ್ತದೆ. ಎರಡನೆಯದಾಗಿ, ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮಗೆ ರೂಢಿ. ರೈಲು ನಿಲ್ದಾಣದ ಪ್ರಕಟಣೆಯಲ್ಲಿ ‘ಫೆಲ್ಟ್’ ಎಂಬ ಕ್ರಿಯಾಪದ ಮೊದಲೇ ಬಂದರೂ, ಕಟ್ಟಕಡೆಯಲ್ಲಿ ಬರುವ ‘ಔಸ್’ ಎಂಬ ಚಿಕ್ಕ ತುಣುಕನ್ನು ಕೇಳಿಸಿಕೊಂಡ ಮೇಲಷ್ಟೇ ರೈಲು ರದ್ದಾಗಿದೆ ಎಂಬ ಅರ್ಥ ಪೂರ್ಣವಾಗುತ್ತದೆ. ಕೊನೆಯವರೆಗೆ ಕಿವಿಗೊಡುವ ತಾಳ್ಮೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಅಡೆತಡೆಗಳೂ ಇವೆ. ಹೊಸಗನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆಯಿತು; ಹೊರಗಿನಿಂದ ಬಂದ ಬಸ್ಸು, ಕಾರು, ಬ್ಯಾಂಕುಗಳಿಗೂ ನಾವು ‘ಉ’ಕಾರದ ಬಾಲ ಹಚ್ಚಿದೆವು. ಜರ್ಮನ್ ಪದಗಳೋ ಒಂದರ ಮೇಲೊಂದು ಪೇರಿಸಿದ ವ್ಯಂಜನಗಳಲ್ಲಿ ಮುಗಿಯುತ್ತವೆ. ಮುಂದಿನ ಪದವೂ ವ್ಯಂಜನಗಳ ಗುಂಪಿನಿಂದಲೇ ಮೊದಲಾಗಬಹುದು. ಸ್ವರ ಬಂದಲ್ಲಿ ಪದ ಮುಗಿಯಿತೆಂದು ತಿಳಿಯುವ ಕಿವಿಗೆ ಇಲ್ಲಿ ಗಡಿಕಲ್ಲುಗಳೇ ಕಾಣುವುದಿಲ್ಲ.

ಒತ್ತು ಇನ್ನೊಂದು ತೊಡಕು. ಕನ್ನಡದಲ್ಲಿ ಒತ್ತನ್ನು ಎಲ್ಲಿ ಹಾಕಿದರೂ ಪದದ ಅರ್ಥ ಬದಲಾಗದು. ಜರ್ಮನ್ನಿನ ‘ಉಮ್‌ಫಾರೆನ್’ ಎಂಬ ಕ್ರಿಯಾಪದದಲ್ಲಿ ಒತ್ತು ‘ಉಮ್’ ಮೇಲೆ ಬಿದ್ದರೆ ವಾಹನ ಗುದ್ದಿ ಕೆಡವುವುದು ಎಂಬ ಅರ್ಥ. ‘ಫಾ’ ಮೇಲೆ ಬಿದ್ದರೆ ಗುದ್ದದಂತೆ ಬಳಸಿಕೊಂಡು ಹೋಗುವುದು! ಅಚ್ಚ ಜರ್ಮನ್ ಪದಗಳಲ್ಲಿ ಒತ್ತು ಹೆಚ್ಚಾಗಿ ಮೊದಲ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಹಾಗಾಗಿ ಅದು ಬರಿಯ ಅಲಂಕಾರವಲ್ಲ, ಇಲ್ಲಿ ಹೊಸ ಪದ ಮೊದಲಾಯಿತೆಂದು ಸಾರುವ ಗಂಟೆ.

ಸ್ವರದಿಂದ ಮೊದಲಾಗುವ ಪದಗಳಿಗೆ ಇನ್ನೊಂದು ಗುರುತಿದೆ. ಜರ್ಮನರು ಅಂಥ ಸ್ವರದ ಮುಂಚೆ ಗಂಟಲನ್ನು ಕ್ಷಣಕಾಲ ಬಿಗಿದು ಬಿಡುತ್ತಾರೆ. ಇದಕ್ಕೆ ‘ಕ್ನಾಕ್‌ಲೌಟ್’ ಎಂದು ಹೆಸರು. ಹೂಕುಂಡಕ್ಕೆ ಹಾಕುವ ಮಣ್ಣಿಗೆ ಜರ್ಮನ್ನಿನಲ್ಲಿ ‘ಬ್ಲೂಮೆನ್‌ಟೊಪ್ಫ್’ ಮತ್ತು ‘ಎರ್ಡೆ’ ಸೇರಿಸಿ ಒಂದೇ ಪದವಾಗಿ ಬರೆಯುತ್ತಾರೆ. ಅದನ್ನು ತಪ್ಪಾಗಿ ಒಡೆದರೆ ಕೊನೆಯಲ್ಲಿ ‘ಪ್ಫೇರ್ಡೆ’, ಅಂದರೆ ಕುದುರೆಗಳು ಕಾಣಿಸಿಕೊಂಡು, ‘ಬ್ಲೂಮೆಂಟೊ’ ಎಂಬ ಇಲ್ಲದ ತಳಿಯ ಕುದುರೆ ಹುಟ್ಟುತ್ತದೆ. ಇದು ಇಲ್ಲಿನವರ ಹಳೆಯ ನಗೆಮಾತು. ಓದುವಾಗ ಎಡವಿಸುವ ಈ ಪದ ಕೇಳುವಾಗ ಎಡವಿಸುವುದಿಲ್ಲ. ‘ಎರ್ಡೆ’ಯ ಮುಂಚಿನ ಗಂಟಲ ಬಿಗಿತ ಗಡಿಯನ್ನು ತೋರಿಸುತ್ತದೆ. ಸ್ವರಗಳು ಎದುರಾದೊಡನೆ ಲೋಪವನ್ನೋ ಆಗಮವನ್ನೋ ಮಾಡಿ ಬೆಸೆದುಬಿಡುವ ನಮ್ಮ ಕಿವಿ ಈ ಸೂಕ್ಷ್ಮ ಗುರುತನ್ನು ಬೇರೆಯಾಗಿ ಕಲಿಯಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು, ಪಠ್ಯಪುಸ್ತಕದ ಪದಗಳು ಬೀದಿಯಲ್ಲಿ ಅದೇ ರೂಪದಲ್ಲಿ ಸಿಗದಿರುವುದು. ‘ಹಾಬೆನ್ ಜೀ ಐನೆನ್ ಟೆರ್ಮೀನ್?’, ಅಂದರೆ ‘ನಿಮಗೆ ಸಮಯ ನಿಗದಿಯಾಗಿದೆಯೇ?’ ಎಂಬ ಪ್ರಶ್ನೆ ಸ್ವಾಗತಕಟ್ಟೆಯಲ್ಲಿ ‘ಹಾಮ್‌ಜಿನ್‌ಟೆರ್ಮೀನ್?’ ಎಂದು ಕೇಳಿಸುತ್ತದೆ. ‘ನಾನು’ ಎಂಬರ್ಥದ ‘ಇಶ್’ ಬರ್ಲಿನ್ನಿನಲ್ಲಿ ‘ಇಕ್’ ಆಗುತ್ತದೆ, ದಕ್ಷಿಣದ ಬವೇರಿಯಾದಲ್ಲಿ ಬರಿಯ ‘ಇ’ ಆಗುತ್ತದೆ. ಇದರಲ್ಲಿ ಜರ್ಮನರನ್ನು ದೂರುವಂಥದ್ದೇನಿಲ್ಲ. ‘ಏನು ಮಾಡುತ್ತಾ ಇದ್ದೀರಿ’ ಎಂದು ಕಲಿತು ಬೆಂಗಳೂರಿಗೆ ಬಂದ ಜರ್ಮನ್ ವಿದ್ಯಾರ್ಥಿಗೆ ‘ಏನ್ಮಾಡ್ತಿದೀರಾ’ ಎಂಬುದು ಒಂದೇ ಪದ. ಮಂಗಳೂರಿನ ‘ಹೋಗ್ತೇನೆ’, ಮೈಸೂರಿನ ‘ಹೋಗ್ತೀನಿ’, ಧಾರವಾಡದ ‘ಹೊಂಟೀನಿ’ ಅವರಿಗೂ ಅಷ್ಟೇ ಒಗಟು.

ಪ್ರಮಾಣಪತ್ರದಾಚೆಗಿನ ಪರೀಕ್ಷೆ

ಇದು ಕೇವಲ ಕುತೂಹಲದ ವಿಷಯವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಜರ್ಮನ್ ಪೌರತ್ವಕ್ಕೆ ಬಿ1 ಮಟ್ಟದ ಭಾಷೆ ಬೇಕು. ದಾದಿಯಾಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಬೇಕು. ವೈದ್ಯರು ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಆದರೆ ಪರೀಕ್ಷೆಯ ಧ್ವನಿಮುದ್ರಿಕೆಯಲ್ಲಿ ಮಾತು ಸ್ಪಷ್ಟ. ಕೆಲವು ಭಾಗಗಳನ್ನು ಎರಡು ಬಾರಿ ಕೇಳಿಸುವುದೂ ಉಂಟು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ‘ಊಬರ್‌ಗಾಬೆ’ಯಲ್ಲಿ ಎರಡನೆಯ ಬಾರಿ ಎಂಬುದು ತಾನಾಗಿ ಬರುವುದಿಲ್ಲ. ದಣಿದ ಸಹೋದ್ಯೋಗಿಗಳು ತಮ್ಮತಮ್ಮೊಳಗೆ ಮಾತನಾಡುವ ಧಾಟಿಯಲ್ಲೇ ಒಪ್ಪಿಸುತ್ತಾರೆ.

ಸಂಖ್ಯೆಗಳನ್ನೇ ನೋಡಿ. 54ನ್ನು ಜರ್ಮನರು ‘ನಾಲ್ಕು ಮತ್ತು ಐವತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ; ಕೇಳಿದ ಕ್ರಮದಲ್ಲೇ ಬರೆದುಕೊಂಡರೆ ಅದು 45 ಆಗಿಬಿಡುತ್ತದೆ. 15 ‘ಫ್ಯುನ್ಫ್‌ತ್ಸೇನ್’, 50 ‘ಫ್ಯುನ್ಫ್‌ತ್ಸಿಷ್’; ವ್ಯತ್ಯಾಸವಿರುವುದು ಒತ್ತಿಲ್ಲದ ಕೊನೆಯ ಉಚ್ಚಾರಾಂಶದಲ್ಲಿ. ‘ಹಾಲ್ಪ್ ದ್ರೈ’ ಎಂದರೆ ಅಕ್ಷರಶಃ ‘ಅರ್ಧ ಮೂರು’. ಅದರ ಅರ್ಥ ಎರಡೂವರೆ, ಮೂರೂವರೆಯಲ್ಲ. ಔಷಧದ ಪ್ರಮಾಣವೋ ಚಿಕಿತ್ಸೆಯ ಸಮಯವೋ ಆದಾಗ ಈ ಅಂತರ ಚಿಕ್ಕದಲ್ಲ. ಜರ್ಮನರಿಗೂ ಇದರ ಅರಿವಿದೆ. ಎರಡು ಎಂಬರ್ಥದ ‘ತ್ಸ್ವೈ’ ಫೋನಿನಲ್ಲಿ ಮೂರು ಎಂಬರ್ಥದ ‘ದ್ರೈ’ಯಂತೆ ಕೇಳಿಸೀತೆಂದು ಅವರು ‘ತ್ಸ್ವೋ’ ಎನ್ನುತ್ತಾರೆ. ಕೇಳಿದ ಸಂಖ್ಯೆಯನ್ನು ಮರುನುಡಿದು ಖಚಿತಪಡಿಸಿಕೊಳ್ಳುವುದನ್ನು ಇಲ್ಲಿ ಯಾರೂ ದೌರ್ಬಲ್ಯವೆಂದು ಎಣಿಸುವುದಿಲ್ಲ. ‘ನೋಖ್ ಐನ್‌ಮಾಲ್, ಬಿಟ್ಟೆ’, ಅಂದರೆ ‘ಇನ್ನೊಮ್ಮೆ ಹೇಳಿ’ ಎಂಬ ವಾಕ್ಯವನ್ನು ವಿಮಾನ ಹತ್ತುವ ಮುನ್ನವೇ ಕಲಿತಿರುವುದು ಲೇಸು.

ತಪ್ಪಾಗಿ ಬಿಡಿಸುವುದು ಪರದೇಶಿಗಳಿಗಷ್ಟೇ ಸೀಮಿತವೂ ಅಲ್ಲ. ಫ್ರಾಂಕ್‌ಫರ್ಟಿನ ‘ಸ್ನ್ಯಾಪ್’ ತಂಡ 1990ರಲ್ಲಿ ಹೊರತಂದ ಇಂಗ್ಲಿಷ್ ಹಾಡಿನ ಪಲ್ಲವಿ ಅನೇಕ ಜರ್ಮನರ ಕಿವಿಗೆ ‘ಅಗಾಥೆ ಬೌವರ್’ ಎಂಬ ಹೆಂಗಸಿನ ಹೆಸರಾಗಿ ಕೇಳಿಸಿತು. ತಪ್ಪಾಗಿ ಕೇಳಿಸಿದ ಹಾಡುಗಳನ್ನೆಲ್ಲ ಇಲ್ಲಿ ಇಂದಿಗೂ ‘ಅಗಾಥೆ ಬೌವರ್ ಹಾಡು’ ಎಂದೇ ಕರೆಯುತ್ತಾರೆ.

ಹೊರಡಲು ಸಿದ್ಧರಾಗುತ್ತಿರುವವರು ಪದಪಟ್ಟಿಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಕಿವಿಗೆ ಕೊಡಬೇಕು. ಪ್ರತಿ ಹೊಸ ಪದವನ್ನೂ ಬಿಡಿಯಾಗಿ ಅಲ್ಲದೆ ವಾಕ್ಯದೊಳಗೆ, ಒತ್ತಿನ ಸಮೇತ ಕಲಿಯಬೇಕು. ಡಾಯ್ಚೆ ವೆಲ್ಲೆ ಪ್ರಸಾರ ಸಂಸ್ಥೆ ನಿಧಾನವಾಗಿ ಓದಿದ ಸುದ್ದಿಯನ್ನು ಪಠ್ಯದೊಡನೆ ಉಚಿತವಾಗಿ ಒದಗಿಸುತ್ತದೆ. ಮೊದಲು ಪಠ್ಯ ನೋಡದೆ ಕೇಳಿ, ಕೇಳಿಸಿದ್ದನ್ನು ಬರೆದು, ಬಳಿಕ ಹೋಲಿಸಿದರೆ ಕಿವಿ ಎಲ್ಲಿ ಎಡವುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಚಲನಚಿತ್ರ ನೋಡುವಾಗ ಅಡಿಬರಹವೂ ಜರ್ಮನ್ನಿನಲ್ಲೇ ಇರಲಿ. ನೈಮೇಖೆನ್ನಿನ ಸಂಶೋಧಕರು 2009ರಲ್ಲಿ ಡಚ್ಚರಿಗೆ ಅಪರಿಚಿತ ಧಾಟಿಯ ಇಂಗ್ಲಿಷ್ ಚಿತ್ರಗಳನ್ನು ತೋರಿಸಿದಾಗ, ಇಂಗ್ಲಿಷ್ ಅಡಿಬರಹ ಕಿವಿಯನ್ನು ಪಳಗಿಸಿತು. ತಾಯಿನುಡಿಯ ಅಡಿಬರಹ ಅಡ್ಡಿಯಾಯಿತು.

ತೊಟ್ಟಿಲಲ್ಲೇ ಮೊದಲಾಗುವ ಪಾಠ

ಊರಿನಲ್ಲಿರುವ ಅಜ್ಜ–ಅಜ್ಜಿಯರಿಗೂ ಇಲ್ಲೊಂದು ಸುದ್ದಿಯಿದೆ. ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಕಾಥ್ಲೀನ್ ವೆರ್ಮ್ಕೆ ಮತ್ತು ಸಂಗಡಿಗರು, ಹುಟ್ಟಿ ಒಂದು ವಾರವೂ ತುಂಬದ 60 ಶಿಶುಗಳ ಅಳುವನ್ನು ಪರಿಶೀಲಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಫ್ರೆಂಚ್ ಶಿಶುಗಳ ಅಳು ಹೆಚ್ಚಾಗಿ ಏರುತ್ತ ಸಾಗಿದರೆ, ಜರ್ಮನ್ ಶಿಶುಗಳದು ಇಳಿಯುತ್ತ ಸಾಗುತ್ತಿತ್ತು. ತಾಯಿಯ ನುಡಿಯ ರಾಗವನ್ನು ಮಗು ಗರ್ಭದಲ್ಲೇ ಕೇಳಿಸಿಕೊಂಡಿರುತ್ತದೆ. ಲೈಪ್‌ತ್ಸಿಗ್ಗಿನ ಆಂಗೆಲಾ ಫ್ರೀಡೆರಿಚಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ನಾಲ್ಕೈದು ತಿಂಗಳ ಜರ್ಮನ್ ಮತ್ತು ಫ್ರೆಂಚ್ ಶಿಶುಗಳ ಮಿದುಳು ಪದದ ಒತ್ತಿಗೆ ತಮ್ಮತಮ್ಮ ಭಾಷೆಗೆ ತಕ್ಕಂತೆ ಬೇರೆಬೇರೆಯಾಗಿ ಸ್ಪಂದಿಸುತ್ತದೆ.

ಪದಗಳನ್ನು ಯಾರೂ ಬಿಡಿಸಿ ಹೇಳದೆ ಮಗು ಹೇಗೆ ಕಂಡುಕೊಳ್ಳುತ್ತದೆ? ಅಮೆರಿಕದಲ್ಲಿ 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು 8 ತಿಂಗಳ ಶಿಶುಗಳಿಗೆ ಅರ್ಥವಿಲ್ಲದ ಪದಗಳನ್ನು ನಿಲುಗಡೆಯಿಲ್ಲದೆ ಎರಡು ನಿಮಿಷ ಕೇಳಿಸಿದರು. ಯಾವ ಧ್ವನಿಯ ಹಿಂದೆ ಯಾವುದು ಮತ್ತೆಮತ್ತೆ ಬರುತ್ತದೆ ಎಂಬ ಲೆಕ್ಕದಿಂದಲೇ ಶಿಶುಗಳು ಪದಗಳನ್ನು ಬೇರ್ಪಡಿಸಿಕೊಂಡಿದ್ದವು. ‘ಅಪ್ಪ ಬಂದ’, ‘ಅಪ್ಪ ಎಲ್ಲಿ’, ‘ಅಪ್ಪಂಗೆ ಕೊಡು’ ಎಂಬ ಮಾತುಗಳಲ್ಲಿ ‘ಅ’ದ ಹಿಂದೆ ‘ಪ್ಪ’ ಪ್ರತಿ ಬಾರಿಯೂ ಬರುತ್ತದೆ. ‘ಪ್ಪ’ದ ಹಿಂದೆ ಬರುವುದು ಬದಲಾಗುತ್ತಿರುತ್ತದೆ. ಗಡಿಯಿರುವುದು ಅಲ್ಲಿಯೇ. ಈ ಲೆಕ್ಕಕ್ಕೆ ಬೇಕಾದದ್ದು ಒಂದೇ: ಧಾರಾಳವಾಗಿ ಹರಿಯುವ ಮಾತು.

ಜರ್ಮನಿಯಲ್ಲಿ ಹುಟ್ಟಿದ ಕನ್ನಡದ ಮಗುವಿಗೆ ಜರ್ಮನ್ ಮಾತು ಮನೆಯ ಹೊರಗೆಲ್ಲ ಹರಿಯುತ್ತದೆ. ಕನ್ನಡ ಹರಿಯುವುದು ಮನೆಯವರ ಬಾಯಿಂದ ಮಾತ್ರ. ಧ್ವನಿಮುದ್ರಿಕೆಯೋ ದೂರದರ್ಶನವೋ ಆ ಕೊರತೆಯನ್ನು ತುಂಬಲಾರದು. ಪೆಟ್ರೀಷಿಯಾ ಕೂಲ್ ಅವರ 2003ರ ಪ್ರಯೋಗದಲ್ಲಿ ಅಮೆರಿಕದ 9 ತಿಂಗಳ ಶಿಶುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಧ್ವನಿಗಳನ್ನು ಕಲಿತವು, ತೆರೆಯ ಮೇಲಿನ ಮುದ್ರಿಕೆಯಿಂದ ಕಲಿಯಲಿಲ್ಲ. ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದೂರದವರಿಗೆ ಭರವಸೆ ಕೊಡುತ್ತದೆ. 24ರಿಂದ 30 ತಿಂಗಳ ಮಕ್ಕಳು ನೇರ ವಿಡಿಯೊ ಕರೆಯಲ್ಲಿ, ತಮ್ಮ ಮಾತಿಗೆ ಮರುಮಾತು ಕೊಡುವವರಿಂದ, ಎದುರಿಗೇ ಇದ್ದವರಿಂದ ಕಲಿತಂತೆಯೇ ಹೊಸ ಪದಗಳನ್ನು ಕಲಿತರು.

ಆದ್ದರಿಂದ ವಾರದ ಕರೆಯಲ್ಲಿ ಮೊಮ್ಮಗುವಿಗೆ ‘ಇದೇನು ಹೇಳು? ಹಸು. ಇದೇನು? ಮರ’ ಎಂದು ಬಿಡಿಪದಗಳ ಪರೀಕ್ಷೆ ನಡೆಸುವುದಕ್ಕಿಂತ, ಹಿತ್ತಲಲ್ಲಿ ಹಲಸು ಬಿಟ್ಟದ್ದನ್ನೋ, ಕರು ಹಗ್ಗ ಬಿಚ್ಚಿಕೊಂಡು ಓಡಿದ್ದನ್ನೋ ತುಂಬು ವಾಕ್ಯಗಳಲ್ಲಿ, ಸಂಧಿಯ ಸಮೇತ, ನಿಮ್ಮ ಊರಿನ ಧಾಟಿಯಲ್ಲೇ ಹೇಳಿ. ಮಗು ಜರ್ಮನ್ನಿನಲ್ಲಿ ಉತ್ತರಿಸಿದರೂ ಮಾತನ್ನು ಅಲ್ಲಿಗೇ ನಿಲ್ಲಿಸಬೇಡಿ. ಅದರ ಅಪ್ಪ–ಅಮ್ಮ ಇಲ್ಲಿ ಬೆವರು ಸುರಿಸಿ ಕಲಿಯುತ್ತಿರುವ ವಿದ್ಯೆಯನ್ನು ಮಗು ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ಕಲಿಯಬಲ್ಲದು. ಜರ್ಮನ್ನಿನ ಪಾಲನ್ನು ಜರ್ಮನಿ ನೋಡಿಕೊಳ್ಳುತ್ತದೆ. ಕನ್ನಡದ ಪಾಲು ನಿಮ್ಮದು.